ಥೀಸಿಸ್ ಪಾಸಾಯಿತು, ಕೋಡು ಎಲ್ಲಿ?

ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮುಗಿಸುವವರ ಕೊನೆಯ ಸೆಮಿಸ್ಟರ್ ಎಂದರೆ ಓಡಾಟದ ಕಾಲ. ಕ್ರೆಡಿಟ್ ತುಂಬಿರಬೇಕು, ಇಂಟರ್ನ್‌ಶಿಪ್ ಮುಗಿದಿರಬೇಕು, ಪ್ರಾಜೆಕ್ಟ್‌ನ ಎರಡೂ ಹಂತಗಳ ರಿವ್ಯೂ ಆಗಿರಬೇಕು. ಸಿಮಿಲಾರಿಟಿ ರಿಪೋರ್ಟ್, ಗೈಡ್ ಮತ್ತು ಎಚ್‌ಒಡಿ ಸಹಿ, ಹಾರ್ಡ್ ಬೈಂಡಿಂಗ್ ಎಲ್ಲ ಆದ ಮೇಲೆ ಹೊರಗಿನ ಪರೀಕ್ಷಕರ ಮುಂದೆ ವೈವಾ. ಹಲವು ಕಾಲೇಜುಗಳಲ್ಲಿ ಪ್ರಾಜೆಕ್ಟಿನ ಮೇಲೆ ಒಂದು ಪೇಪರ್ ಕೂಡ ಪ್ರಕಟವಾಗಿರಬೇಕು. ಷರತ್ತುಗಳಿಗೇನೂ ಬರವಿಲ್ಲ. ಆದರೆ ವಿದ್ಯಾರ್ಥಿ ಬರೆದ ಪ್ರೋಗ್ರಾಂ ಬೇರೊಬ್ಬರ ಕಂಪ್ಯೂಟರಿನಲ್ಲಿ ಓಡುತ್ತದೆಯೇ, ಅದರ ಬಗ್ಗೆ ಅವರು ಹೇಳಿಕೊಂಡದ್ದು ನಿಜವೇ ಎಂದು ಯಾರಾದರೂ ಕೂತು ನೋಡಬೇಕೆಂಬ ಷರತ್ತು ಮಾತ್ರ ಸಾಮಾನ್ಯವಾಗಿ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ.

ಎಂ.ಟೆಕ್. ಪ್ರಾಜೆಕ್ಟ್ ರಿಪೋರ್ಟುಗಳನ್ನು ತೆರೆದವರಿಗೆ ಅವುಗಳ ಅಚ್ಚು ಗೊತ್ತು. ಪೀಠಿಕೆ, ಲಿಟರೇಚರ್ ಸರ್ವೆ, ರಿಕ್ವೈರ್‌ಮೆಂಟ್ ಸ್ಪೆಸಿಫಿಕೇಶನ್, ಡಿಸೈನ್, ಇಂಪ್ಲಿಮೆಂಟೇಶನ್, ಟೆಸ್ಟಿಂಗ್, ಸ್ನ್ಯಾಪ್‌ಶಾಟ್ಸ್, ಫ್ಯೂಚರ್ ಎನ್‌ಹ್ಯಾನ್ಸ್‌ಮೆಂಟ್. ಟೆಸ್ಟಿಂಗ್ ಅಧ್ಯಾಯದಲ್ಲಿ ಒಂದು ಕೋಷ್ಟಕ: ಬರಬೇಕಾದ ಔಟ್‌ಪುಟ್, ಬಂದ ಔಟ್‌ಪುಟ್, ಫಲಿತಾಂಶ. ಕೊನೆಯ ಕಂಬಸಾಲಿನಲ್ಲಿ ಮೇಲಿಂದ ಕೆಳಗಿನವರೆಗೂ ‘ಪಾಸ್’. ಒಂದೂ ತಪ್ಪಿಲ್ಲದ ಸಾಫ್ಟ್‌ವೇರ್ ಲೋಕದಲ್ಲಿಲ್ಲ ಎಂದು ಮೊದಲ ಸೆಮಿಸ್ಟರಿನಲ್ಲಿ ಪಾಠ ಕೇಳಿದವರೇ ನಾಲ್ಕನೆಯದರಲ್ಲಿ ಇದನ್ನು ಟೈಪ್ ಮಾಡುತ್ತಾರೆ. ಈ ಅಚ್ಚು ಒಂದು ಉತ್ಪನ್ನವನ್ನು ವಿವರಿಸುವುದಕ್ಕೆ ಸಾಕು, ಒಂದು ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಸಾಲದು. ಅಚ್ಚು ಸಿದ್ಧವಿದ್ದಾಗ ತುಂಬಿಕೊಡುವವರೂ ಹುಟ್ಟಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ‘ಐಇಇಇ ಪ್ರಾಜೆಕ್ಟ್ಸ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳು ಬದುಕುತ್ತಿರುವುದು ಇದರ ಮೇಲೆಯೇ.

ಕೃತಿಚೌರ್ಯ ತಡೆಗೆ ಯುಜಿಸಿಯ 2018ರ ನಿಯಮಾವಳಿ ಇದೆಯಲ್ಲ ಎನ್ನಬಹುದು. ಇದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಹೋಲಿಕೆ ಹುಡುಕುವ ಡ್ರಿಲ್‌ಬಿಟ್, ಟರ್ನಿಟಿನ್‌ನಂಥ ತಂತ್ರಾಂಶಗಳಿಗೆ ಕಾಲೇಜುಗಳು ಕೊಡುವುದು ರಿಪೋರ್ಟಿನ ಗದ್ಯವನ್ನು. ಗಿಟ್‌ಹಬ್‌ನಿಂದ ಇಡೀ ಕೋಡು ಇಳಿಸಿಕೊಂಡು, ವಿವರಣೆಯನ್ನು ಮಾತ್ರ ಸ್ವಂತ ವಾಕ್ಯಗಳಲ್ಲಿ ಬರೆದವರು ನಿರಾಯಾಸವಾಗಿ ಪಾರಾಗುತ್ತಾರೆ. ಒಂದು ಅಲ್ಗಾರಿದಂನ ವ್ಯಾಖ್ಯೆಯನ್ನು ಇದ್ದಂತೆ ಬರೆದ ಪ್ರಾಮಾಣಿಕರು ಶೇಕಡಾವಾರು ಇಳಿಸಲು ಆ ವ್ಯಾಖ್ಯೆಯನ್ನು ತಿರುಚಿ ಕೆಡಿಸುತ್ತಾರೆ. ಕೆಲಸದ ತಿರುಳು ಕೋಡಿನಲ್ಲಿರುವ ವಿಷಯಕ್ಕೆ ಈ ಜರಡಿ ಹೊಂದುವುದಿಲ್ಲ.

ಪೇಪರ್ ಪ್ರಕಟಿಸಲೇಬೇಕೆಂಬ ಪದ್ಧತಿ ಇನ್ನೂ ದುರ್ಬಲ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುನ್ನ ಪೇಪರ್ ಪ್ರಕಟವಾಗಿರಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿತು. ಪಿಎಚ್‌ಡಿಗೇ ಬೇಡವಾದದ್ದನ್ನು ಎರಡು ವರ್ಷದ ಎಂ.ಟೆಕ್. ವಿದ್ಯಾರ್ಥಿಯ ತಲೆಗೆ ಕಟ್ಟಿದರೆ ಲಾಭವಾಗುವುದು ಹಣ ಪಡೆದು ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳಿಗೆ.

ಹಾಗಾದರೆ ಪ್ರಬಂಧ ಎಂದರೆ ಹೇಗಿರಬೇಕು? ಒಳ್ಳೆಯ ಅಳತೆಗೋಲು ಬೆಂಗಳೂರಿನ ಕಂಟೋನ್ಮೆಂಟಿನಲ್ಲೇ ಇದೆ, ಅದೂ ತಂತ್ರಜ್ಞಾನಕ್ಕೆ ಸಂಬಂಧವೇ ಇಲ್ಲದ ಕಡೆ. ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಆರಂಭವಾದದ್ದು. ಸೆರಾಂಪುರ್ ಕಾಲೇಜಿನ ಸೆನೆಟ್‌ಗೆ ಸೇರಿದ ಅದರ ಎಂ.ಟಿಎಚ್. ಪ್ರಬಂಧ ಬರೆದು ಪಡೆಯುವ ಸ್ನಾತಕೋತ್ತರ ಪದವಿ. ದೇವತಾಶಾಸ್ತ್ರದ ಪ್ರಬಂಧದಲ್ಲಿ ಒಂದು ಮಾತು ಹೇಳಿದರೆ ಅದಕ್ಕೆ ಅಡಿಟಿಪ್ಪಣಿ ಇರಬೇಕು. ಟಿಪ್ಪಣಿಯ ಜಾಡು ಹಿಡಿದು ಹೋದರೆ ಗ್ರಂಥಾಲಯದಲ್ಲೋ ದಾಖಲೆಗಳ ಭಂಡಾರದಲ್ಲೋ ಮೂಲ ಸಿಗಬೇಕು. ಮಾತು ಸುಳ್ಳಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಸಾಫ್ಟ್‌ವೇರ್ ಪ್ರಬಂಧಕ್ಕೆ ಕೋಡು, ಡೇಟಾ, ಅಳತೆ ಮಾಡಿದ ಸ್ಕ್ರಿಪ್ಟ್‌ಗಳೇ ಅಡಿಟಿಪ್ಪಣಿ. ‘ನಮ್ಮ ವಿಧಾನದಿಂದ ದೋಷಗಳು ಬೇಗ ಸಿಗುತ್ತವೆ’ ಎಂದು ಬರೆದ ಮೇಲೆ, ಪರೀಕ್ಷಕರು ಅದೇ ಪ್ರಯೋಗ ನಡೆಸಿ ನೋಡುವಂತಿರಬೇಕು. ದೇವತಾಶಾಸ್ತ್ರ ಓದುವವರಿಗಿರುವ ಈ ಶಿಸ್ತು ಎಂಜಿನಿಯರಿಗೆ ಬೇಡವೆಂದರೆ ಹೇಗೆ?

ಈ ವಿಷಯದ ಹಿರಿಯರು ದಾರಿಯನ್ನು ಹಿಂದೆಯೇ ತೋರಿದ್ದಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮೇರಿ ಶಾ 2003ರ ಒಂದು ಲೇಖನದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಶೋಧನೆಯನ್ನು ಮೂರು ಕಡೆಯಿಂದ ನೋಡಿದರು: ಪ್ರಶ್ನೆ ಯಾವ ಬಗೆಯದು, ಸಿಕ್ಕ ಫಲಿತಾಂಶ ಏನು, ಅದನ್ನು ನಂಬಲು ಆಧಾರವೇನು. ಕಂಪ್ಯೂಟರ್ ತಜ್ಞರ ಸಂಘವಾದ ಅಮೆರಿಕದ ಎಸಿಎಂ ಲೇಖನದ ಜೊತೆ ಕೋಡು ಸಿಗುತ್ತದೆಯೇ, ಓಡುತ್ತದೆಯೇ, ಫಲಿತಾಂಶ ಮತ್ತೆ ಬರುತ್ತದೆಯೇ ಎಂದು ನೋಡಿ ಬೇರೆ ಬೇರೆ ಮುದ್ರೆ ಕೊಡುತ್ತದೆ. ನಮ್ಮಲ್ಲೂ ಮಾದರಿ ಇಲ್ಲದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಟೆಕ್. (ರಿಸರ್ಚ್), ಅಂದರೆ ಹಿಂದಿನ ಎಂ.ಎಸ್ಸಿ. (ಎಂಜಿನಿಯರಿಂಗ್), ಕೋರ್ಸು ಕಡಿಮೆ, ಸಂಶೋಧನೆ ಹೆಚ್ಚು ಎಂಬ ತತ್ವದ ಪದವಿ. ಅಲ್ಲಿನ ಪ್ರಬಂಧಗಳು ಸಂಸ್ಥೆಯ ಅಂತರ್ಜಾಲ ಭಂಡಾರಕ್ಕೆ ಸೇರುತ್ತವೆ, ಯಾರು ಬೇಕಾದರೂ ಓದಬಹುದು. ಬೇರೆಡೆಯ ಎಂ.ಟೆಕ್. ರಿಪೋರ್ಟುಗಳಿಗೆ ಬಹುಮಟ್ಟಿಗೆ ವಿಭಾಗದ ಬೀರುವೇ ಗತಿ. ದೇಶದ ‘ಶೋಧಗಂಗಾ’ ಇರುವುದು ಮುಖ್ಯವಾಗಿ ಪಿಎಚ್‌ಡಿ ಪ್ರಬಂಧಗಳಿಗೆ.

ವಿದ್ಯಾರ್ಥಿಯ ಕಷ್ಟವನ್ನೂ ಹೇಳಬೇಕು. ಗೇಟ್ ಪಾಸಾಗಿ ಬಂದವರಿಗೆ ಎಐಸಿಟಿಇ ಕೊಡುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಬೆನ್ಸನ್ ಟೌನಿನ ಆಸುಪಾಸಿನಲ್ಲಿ ರೂಮು ಹಿಡಿದರೆ ಬಾಡಿಗೆ ಕಳೆದು ಉಳಿಯುವುದು ಅಷ್ಟಕ್ಕಷ್ಟೆ. ಸ್ವಲ್ಪ ದೂರದ ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಕರೆಯುತ್ತಿರುತ್ತದೆ. ಕಂಪನಿಯಲ್ಲಿ ಮಾಡಿದ ಕೆಲಸವನ್ನೇ ಪ್ರಬಂಧ ಮಾಡಿಕೊಂಡರೆ, ಕೋಡು ಹೊರಗೆ ತೋರಿಸುವಂತಿಲ್ಲ ಎಂಬ ಕರಾರಿಗೆ ಸಹಿ ಹಾಕಿರುತ್ತಾರೆ. ಪರೀಕ್ಷಕರಿಗೆ ಉಳಿಯುವುದು ಪಿಪಿಟಿ ಮಾತ್ರ. ಇದು ವಿದ್ಯಾರ್ಥಿಯ ತಪ್ಪಲ್ಲ, ಉದ್ಯೋಗ, ಸಂಶೋಧನೆ ಎಂಬ ಎರಡು ಬೇರೆ ಗುರಿಗಳಿಗೆ ಒಂದೇ ಷರತ್ತು ಹಾಕಿದ ವ್ಯವಸ್ಥೆಯ ತಪ್ಪು.

ಯುಜಿಸಿಯ 2024ರ ಸ್ನಾತಕೋತ್ತರ ಚೌಕಟ್ಟು ಕೋರ್ಸು ಮಾತ್ರ, ಕೋರ್ಸಿನ ಜೊತೆ ಸಂಶೋಧನೆ, ಸಂಶೋಧನೆ ಮಾತ್ರ ಎಂಬ ಮೂರು ದಾರಿಗಳಿಗೆ ಅವಕಾಶ ಕೊಟ್ಟಿದೆ. ಉದ್ಯೋಗ ಬೇಕಾದವರು ಕೋರ್ಸು, ಇಂಟರ್ನ್‌ಶಿಪ್ ಮುಗಿಸಿ ಗೌರವದಿಂದ ಪದವಿ ಪಡೆಯಲಿ. ಪ್ರಬಂಧ ಬರೆಯುತ್ತೇನೆಂದು ಬಂದವರಿಗೆ ಪೇಪರಿನ ಕಡ್ಡಾಯ, ಪುಟಗಳ ಲೆಕ್ಕ ಬಿಟ್ಟು ಮೂರೇ ಷರತ್ತು ಸಾಕು: ಒಂದು ಸ್ಪಷ್ಟ ಪ್ರಶ್ನೆ ಇರಲಿ, ಕೋಡು, ಡೇಟಾ ಪರೀಕ್ಷಕರ ಕೈಗೆ ವೈವಾಕ್ಕಿಂತ ಮೊದಲೇ ತಲುಪಲಿ, ಪಾಸಾದ ಪ್ರಬಂಧ ಎಲ್ಲರಿಗೂ ಓದಲು ಸಿಗಲಿ. ವಿಧಾನ ಫಲಿಸಲಿಲ್ಲ ಎಂದು ಆಧಾರಸಮೇತ ತೋರಿಸಿದ ಪ್ರಬಂಧವೂ ಪಾಸಾಗಬೇಕು. ಪ್ರಬಂಧಗಳ ಸಂಖ್ಯೆ ಇದರಿಂದ ಖಂಡಿತ ಇಳಿಯುತ್ತದೆ. ಇಳಿಯಲಿ. ಯಾರೂ ಓಡಿಸಿ ನೋಡದ ನೂರು ಪ್ರಬಂಧಗಳಿಗಿಂತ ಪರೀಕ್ಷೆಗೆ ನಿಂತ ಹತ್ತು ಪ್ರಬಂಧಗಳು ಬೆಂಗಳೂರಿಗೆ ಹೆಚ್ಚು ಬೇಕಾಗಿವೆ.