‘ಮಲೆಗಳಲ್ಲಿ ಮದುಮಗಳು’ : ಅಹೋರಾತ್ರಿ ನಾಟಕದ ಪ್ರಯೋಗವಿಚಾರ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ತೆರನಾಗಿರುವುದೆಂದು ಪ್ರಾಚೀನರು ವಿಭಾಗಿಸಿದರು. ಕಾದಂಬರಿಯು ಈ ಎರಡಕ್ಕೂ ಸೇರದೆ, ಒಬ್ಬನೇ ಕುಳಿತು ಮೌನವಾಗಿ ಓದತಕ್ಕ ಕಾವ್ಯವಾಗಿ ಬೆಳೆದಿದೆ. ಓದುಗನು ಬೇಕೆಂದಲ್ಲಿ ನಿಲ್ಲಬಹುದು, ಹಿಂದಿನ ಪುಟಕ್ಕೆ ಮರಳಬಹುದು, ತಿಂಗಳುಗಟ್ಟಲೆ ಅದರೊಡನೆ ಬಾಳಬಹುದು. ಇಂತಹ ಕೃತಿಯನ್ನು ಒಂದೇ ರಾತ್ರಿಯಲ್ಲಿ ನೂರಾರು ಜನರ ಕಣ್ಣೆದುರು ಆಡಿ ತೋರಿಸುವೆನೆಂದು ಹೊರಡುವುದು ಸಾಹಸವೇ ಸರಿ. ಆ ಕೃತಿಯು 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆಗಿರುವಾಗ ಸಾಹಸವು ಇಮ್ಮಡಿಯಾಗುವುದು.

ಈ ಸಾಹಸವು ಮೊದಲಿಗೆ 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ನಡೆಯಿತು. ಕೆ. ವೈ. ನಾರಾಯಣಸ್ವಾಮಿಯವರು ಕಾದಂಬರಿಯನ್ನು ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದರು, ಹಂಸಲೇಖ ಅವರು ಸಂಗೀತವನ್ನೂ ಶಶಿಧರ ಅಡಪರು ರಂಗಸಜ್ಜಿಕೆಯನ್ನೂ ಒದಗಿಸಿದರು. 2013ರಲ್ಲಿ ಇದು ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಪುನಃ ಪ್ರಯೋಗವಾಯಿತು. ಅನಂತರದ ವರ್ಷಗಳಲ್ಲಿಯೂ ಹೊಸ ಹೊಸ ನಟವರ್ಗದೊಡನೆ ಅಲ್ಲಿಯೇ ಮರಳಿ ಮರಳಿ ಆಡಲ್ಪಟ್ಟಿತು. ರಾತ್ರಿಯ ಊಟದ ಹೊತ್ತಿಗೆ ಮೊದಲಾಗಿ ಬೆಳಗಿನ ಜಾವದವರೆಗೆ, ಸುಮಾರು ಒಂಬತ್ತು ಗಂಟೆಗಳ ಕಾಲ ನಡೆಯುವ ನಾಟಕವಿದು. ರಂಗವು ಒಂದಲ್ಲ, ನಾಲ್ಕು. ಒಂದು ಭಾಗ ಮುಗಿದೊಡನೆ ಪ್ರೇಕ್ಷಕರು ಎದ್ದು ಕತ್ತಲಲ್ಲಿ ನಡೆದು ಮತ್ತೊಂದು ರಂಗದ ಎದುರಿಗೆ ಹೋಗಿ ಕುಳಿತುಕೊಳ್ಳಬೇಕು.

ಪ್ರೇಕ್ಷಕನ ಈ ನಡಿಗೆಯೇ ವಿಮರ್ಶೆಗೆ ಮೊದಲ ವಿಷಯ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಕಕ್ಷ್ಯಾವಿಭಾಗವೆಂಬುದನ್ನು ವಿಧಿಸಿರುವನು. ನಟನು ರಂಗದ ಮೇಲೆ ಒಂದು ಸುತ್ತು ಪರಿಕ್ರಮಿಸಿದರೆ ಸಾಕು, ಅರಮನೆಯಿದ್ದುದು ಅರಣ್ಯವಾಗುವುದು. ಇಂದಿಗೂ ನಮ್ಮ ಯಕ್ಷಗಾನದ ವೇಷಧಾರಿಯು ರಂಗಸ್ಥಳದಲ್ಲಿ ಒಂದೆರಡು ಸುತ್ತು ಕುಣಿದು ಹಸ್ತಿನಾವತಿಯಿಂದ ದ್ವಾರಕೆಗೆ ತಲುಪುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಇಲ್ಲಿಯಾದರೋ ಆ ಪರಿಕ್ರಮದ ಭಾರವು ನಟನಿಂದ ಪ್ರೇಕ್ಷಕನಿಗೆ ವರ್ಗವಾಗಿದೆ. ಸುಂದರವಾದ ಒಂದು ಸಂಕೇತವನ್ನು ಬಿಟ್ಟು ಕಾಲುನೋವನ್ನು ತಂದುಕೊಂಡುದರಿಂದ ಲಾಭವೇನು ಎಂದು ಸಂಪ್ರದಾಯಜ್ಞರು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಲ್ಲ. ಬೇರೆ ನಾಟಕಕ್ಕೆ ಇದನ್ನು ಅನ್ವಯಿಸಿದ್ದರೆ ಅದು ನಿಲ್ಲುತ್ತಲೂ ಇತ್ತು.

ಆದರೆ ಈ ಕಾದಂಬರಿಯು ಮೂಲತಃ ನಡಿಗೆಯ ಕಾದಂಬರಿ. ಸಿಂಬಾವಿ ಹೆಗ್ಗಡೆಯ ಜೀತದಾಳು ಗುತ್ತಿಯು ತನ್ನ ನಾಯಿ ಹುಲಿಯನೊಡನೆ ಕಾಡುದಾರಿಯಲ್ಲಿ ನಡೆಯುತ್ತಲೇ ಕಥೆ ಬಿಚ್ಚಿಕೊಳ್ಳುವುದು. ಅವನು ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು ನಡಿಗೆಯಿಂದ. ಚಿನ್ನಮ್ಮನು ಒಲ್ಲದ ಮದುವೆಯನ್ನು ತಪ್ಪಿಸಿಕೊಂಡು ಕತ್ತಲಲ್ಲಿ ಮನೆಬಿಟ್ಟು ಹುಲಿಕಲ್ಲು ನೆತ್ತಿಯ ಕಡೆಗೆ ಸಾಗುವುದೂ ನಡಿಗೆಯಿಂದಲೇ. ತೀರ್ಥಹಳ್ಳಿ, ಮೇಗರವಳ್ಳಿಗಳ ಸುತ್ತಣ ಆ ಮಲೆಗಳಲ್ಲಿ ಮನೆಗೂ ಮನೆಗೂ ನಡುವೆ ಕಾಡು ನಿಂತಿದೆ. ಕಾಡನ್ನು ದಾಟದೆ ಯಾವ ಕಾರ್ಯವೂ ನೆರವೇರದು. ಆದುದರಿಂದ ಪ್ರೇಕ್ಷಕನು ನಿದ್ದೆಗಣ್ಣಿನಲ್ಲಿ, ಮುಂದಿನವನ ಬೆನ್ನನ್ನು ನೋಡಿಕೊಂಡು, ಕಲ್ಲುಮುಳ್ಳನ್ನು ಎಡವುತ್ತ ನಡೆಯುವುದು ಇಲ್ಲಿ ಕೇವಲ ಸ್ಥಳಾಂತರವಲ್ಲ. ಅದು ಉದ್ದೀಪನ ವಿಭಾವದ ಒಂದು ಅಂಗವಾಗಿ ಪರಿಣಮಿಸುವುದು. ನಿರ್ದೇಶಕರ ಈ ಯೋಜನೆಯು ಕೃತಿಯ ಸ್ವಭಾವದಿಂದಲೇ ಹುಟ್ಟಿದುದೆಂದು ಒಪ್ಪಬೇಕು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೊಂದುಂಟು. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿರುವನು. ರಂಗದಲ್ಲಿ ಕಾಣುವ ಸುಖದುಃಖವು ‘ನನ್ನದು’ ಎಂದಾಗಲಿ ‘ಪರನದು’ ಎಂದಾಗಲಿ ಗಟ್ಟಿಯಾಗಿ ತೋರುವುದು ಅವುಗಳಲ್ಲಿ ಒಂದು. ಪ್ರೇಕ್ಷಕನನ್ನು ಕಥೆಯ ಒಳಗೇ ನಿಲ್ಲಿಸುವ ಈ ಕಾಲದ ರಂಗಪ್ರಯೋಗಗಳಿಗೆಲ್ಲ ಇದೇ ಅಪಾಯ. ‘ನಾನೇ ಕಾಡಿನಲ್ಲಿದ್ದೇನೆ, ನಾನೇ ಗುತ್ತಿಯ ಜೊತೆಗಾರ’ ಎಂಬ ಭ್ರಮೆ ಬಲಿತರೆ ಅದು ವಿನೋದಯಾತ್ರೆಯಾದೀತೇ ಹೊರತು ರಸಾನುಭವವಾಗದು. ಗುತ್ತಿಯು ಹೊಲೆಯನಾಗಿ ಹುಟ್ಟಿ ಜೀತಕ್ಕೆ ಕಟ್ಟುಬಿದ್ದವನು. ನೋಡಲು ಬಂದವನು ಬೆಳಗಾದೊಡನೆ ಬಸ್ಸನ್ನೇರಿ ಮನೆಗೆ ಹೋಗಿ ಮಲಗುವವನು. ಒಂದು ರಾತ್ರಿಯ ಜಾಗರಣೆಯಿಂದ ಆ ಬಾಳನ್ನು ತಾನೂ ಬಾಳಿದೆನೆಂದು ಇವನು ತಿಳಿದನಾದರೆ ಅದು ರಸಭಂಗವಷ್ಟೇ ಅಲ್ಲ, ಆ ಬಾಳಿಗೆ ಮಾಡಿದ ಅಪಚಾರವೂ ಆಗುವುದು.

ಈ ಅಪಾಯವನ್ನು ತಡೆದಿರುವುದು ನಿರೂಪಕರ ಯೋಜನೆ. ಜೋಗಿಗಳು, ಹೆಳವರು, ಸುಡುಗಾಡು ಸಿದ್ಧರು ಮೊದಲಾದ ಅಲೆಮಾರಿಗಳು ಇಲ್ಲಿ ಸೂತ್ರಧಾರರಾಗಿ ಬಂದು ಕಥೆಯನ್ನು ಹಾಡಿ ಹೇಳುವರು. ಹೆಳವರೆಂದರೆ ಮನೆಮನೆಗೆ ತಿರುಗಿ ವಂಶಾವಳಿಯನ್ನು ಒಪ್ಪಿಸುವವರು. ಕಥೆ ಹೇಳುವುದೇ ಅವರ ಕುಲವೃತ್ತಿ. ಅವರು ಎದುರಿಗೆ ನಿಂತೊಡನೆ ‘ಇದು ನಡೆಯುತ್ತಿರುವುದಲ್ಲ, ಹೇಳಲ್ಪಡುತ್ತಿರುವುದು’ ಎಂಬ ಅರಿವು ಪ್ರೇಕ್ಷಕನಲ್ಲಿ ಮೂಡುವುದು. ಪೂರ್ವರಂಗವೂ ವೇಷಭೂಷಣವೂ ಈ ವಿಘ್ನಕ್ಕೆ ಪರಿಹಾರವೆಂದು ಅಭಿನವಗುಪ್ತನು ಹೇಳಿದ ಕಾರ್ಯವನ್ನೇ ಇಲ್ಲಿ ಜೋಗಿಗಳು ಮಾಡುತ್ತಿರುವರು. ಕಾಲು ಕಾಡಿನಲ್ಲಿದ್ದರೂ ಮನಸ್ಸು ಕಥೆಯ ಅಂಗಳದಲ್ಲಿ ನಿಲ್ಲುವುದು. ಇಡೀ ಪ್ರಯೋಗದಲ್ಲಿ ಇದಕ್ಕಿಂತ ವಿವೇಕಪೂರ್ಣವಾದ ಅಂಶ ಇನ್ನೊಂದಿಲ್ಲ.

ವಿಘ್ನಗಳಲ್ಲಿ ಅಪ್ರಧಾನತೆ ಎಂಬುದೂ ಒಂದು. ಪ್ರಧಾನವಾದುದು ಯಾವುದೆಂದು ತಿಳಿಯದಿದ್ದರೆ ಚಿತ್ತವು ನೆಲೆ ನಿಲ್ಲದು. ಕುವೆಂಪು ಅವರಾದರೋ ಕೃತಿಯ ಬಾಗಿಲಿನಲ್ಲಿಯೇ, ಇಲ್ಲಿ ಯಾರನ್ನೂ ಮುಖ್ಯನೆಂದಾಗಲಿ ಅಲ್ಪನೆಂದಾಗಲಿ ಎಣಿಸಲಾಗದೆಂಬ ಭಾವವನ್ನು ಸಾರಿರುವರು. ಹಾಗಾದರೆ ಶಾಸ್ತ್ರಕ್ಕೂ ಕವಿಗೂ ವಿರೋಧವೇ? ವಿಚಾರಿಸಿದರೆ ವಿರೋಧವಿಲ್ಲ. ಶಾಸ್ತ್ರವು ಬಯಸುವ ಪ್ರಾಧಾನ್ಯವು ವ್ಯಕ್ತಿಯದಲ್ಲ, ಸ್ಥಾಯಿಭಾವದ್ದು. ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪೀಂಚಲು ಈ ಜೋಡಿಗಳಲ್ಲಿ ಕುಲವೂ ಅಂತಸ್ತೂ ಬೇರೆಯಾದರೂ ಸ್ಥಾಯಿಯು ಒಂದೇ: ಉತ್ಸಾಹದಿಂದ ಪುಷ್ಟವಾದ ರತಿ. ಅದಕ್ಕೆ ಎದುರಾಗಿ ಕಾವೇರಿಯ ದುರಂತವು ಕರುಣವನ್ನು ನಿಲ್ಲಿಸುವುದು. ರಂಗರೂಪವು ಕವಲುಗಳು ಎಷ್ಟೇ ಇದ್ದರೂ ಮದುಮಗಳೆಂಬ ಈ ಸೂತ್ರವನ್ನು ಕೈಬಿಟ್ಟಿಲ್ಲ. ಆದರೂ ಕಾದಂಬರಿಯನ್ನು ಓದದೆ ಬಂದವರಿಗೆ ಸಿಂಬಾವಿ, ಕೋಣೂರು, ಬೆಟ್ಟಳ್ಳಿಗಳ ಮನೆತನಗಳ ಸಂಬಂಧಗಳು ನಡುರಾತ್ರಿಯವರೆಗೂ ಕಗ್ಗಂಟಾಗಿಯೇ ಉಳಿಯುವುವು.

ಗೀತದ ವಿಷಯದಲ್ಲಿ ಹೊಗಳಿಕೆಯೊಡನೆ ಒಂದು ಎಚ್ಚರಿಕೆಯೂ ಅವಶ್ಯ. ಜಾನಪದ ಮಟ್ಟುಗಳ ಹಾಡುಗಳು ಇಲ್ಲದಿದ್ದರೆ ಒಂಬತ್ತು ಗಂಟೆಗಳ ಜಾಗರಣೆ ಅಸಾಧ್ಯ. ಯಕ್ಷಗಾನದ ಭಾಗವತನಿಗೂ ಚೆಂಡೆಗೂ ಇದೇ ಗುಟ್ಟು ತಿಳಿದಿದೆ. ಹಾಡು ಕಥೆಯನ್ನು ಮುಂದಕ್ಕೆ ಒಯ್ಯುವಲ್ಲಿ, ದಾರಿ ತೋರುವಲ್ಲಿ, ಹಾಸ್ಯವನ್ನು ಉಕ್ಕಿಸುವಲ್ಲಿ ಅದು ಧನ್ಯ. ಆದರೆ ಕುವೆಂಪು ಅವರ ಗದ್ಯವು ಎಷ್ಟೋ ಕಡೆ ಏನನ್ನೂ ಹೊಗಳದೆ, ಮರುಗದೆ, ಸುಮ್ಮನೆ ನೋಡುತ್ತ ನಿಲ್ಲುವ ಗದ್ಯ. ಕಾಡಿನ ಮೌನವೂ ಅದರಲ್ಲಿ ಒಂದು ಪಾತ್ರ. ಗೀತವು ಮೌನವನ್ನು ವರ್ಣಿಸಬಲ್ಲುದೇ ಹೊರತು ತಾನೇ ಮೌನವಾಗಲಾರದು. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯನು ಕೊಚ್ಚಿಹೋಗುವ ಪ್ರಸಂಗವನ್ನು ಪುಸ್ತಕದಲ್ಲಿ ಓದಿದವನಿಗೆ ಆಗುವ ನಿಶ್ಶಬ್ದವನ್ನು ಯಾವ ವಾದ್ಯಮೇಳವೂ ಕೊಡಲಾರದು.

ವಿಸ್ತಾರದಿಂದ ಒದಗುವ ದೋಷಗಳೂ ಉಂಟು. ರಂಗಮಂಟಪವು ಅತಿ ದೊಡ್ಡದಾದರೆ ಮಾತು ವಿಸ್ವರವಾಗುವುದೆಂದೂ ಮುಖದ ಭಾವವು ಅಸ್ಪಷ್ಟವಾಗುವುದೆಂದೂ ಭರತನು ಎಚ್ಚರಿಸಿರುವನು. ಬಯಲಿನ ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಗುಂಪಿನ ಚಲನೆ ಕಾಣುವುದು. ಚಿನ್ನಮ್ಮನ ಕಣ್ಣಿನ ಅಂಜಿಕೆ ಕಾಣದು. ರಂಗದಿಂದ ರಂಗಕ್ಕೆ ಹೋಗುವಾಗ ಮುಂದಿನ ಸ್ಥಳಕ್ಕಾಗಿ ಅವಸರಿಸುವ ಜನಕ್ಕೆ, ತಮ್ಮ ಸುಖದಲ್ಲಿಯೇ ಮಗ್ನರಾಗುವುದೂ ಒಂದು ವಿಘ್ನವೆಂಬುದನ್ನು ಯಾರು ಹೇಳಬೇಕು? ಹಿಂದೆ ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳು ರಂಗಕ್ಕೆ ಬಂದಾಗ ಜನ ಬೆರಗಾದರು. ಬೆರಗು ಅದ್ಭುತಕ್ಕೆ ಬೀಜವಾದೀತು. ಉಳಿದ ರಸಗಳನ್ನು ಅದು ನುಂಗಿಬಿಡಲೂ ಬಹುದು. ನಾಲ್ಕು ರಂಗಗಳ ಬೆರಗಿಗೂ ಈ ಮಾತು ಸಲ್ಲುವುದು.

ಇಷ್ಟಿದ್ದರೂ ಪುನಃಪ್ರಯೋಗವು ಸಾರ್ಥಕವೇ. ಗ್ರಂಥವು ಅಚ್ಚಾದ ಮೇಲೆ ಹಾಗೆಯೇ ಉಳಿಯುವುದು. ನಾಟ್ಯವು ಬೆಳಗಾದೊಡನೆ ಅಳಿಯುವುದು. ಅದನ್ನು ಉಳಿಸುವ ಉಪಾಯವೆಂದರೆ ಮತ್ತೆ ಆಡುವುದೊಂದೇ. ಹೊಸ ತರುಣನೊಬ್ಬನು ಗುತ್ತಿಯಾಗಿ ನಿಂತಾಗಲೆಲ್ಲ ಆ ಬಾಳನ್ನು ಹೊಸದಾಗಿ ಅರಿಯಬೇಕಾಗುವುದು. ಪ್ರೇಕ್ಷಕನ ಪಾಲಿಗೆ ಉಳಿಯುವ ಕರ್ತವ್ಯವೂ ಅಂತಹುದೇ. ರಾತ್ರಿಯ ನಡಿಗೆಯು ಬೆಳಗಿಗೆ ಮುಗಿಯದೆ ಅವನನ್ನು ಪುಸ್ತಕದ ಮೊದಲ ಪುಟದವರೆಗೆ ನಡೆಸಿಕೊಂಡು ಹೋದರೆ, ದೃಶ್ಯವು ಪಠ್ಯಕ್ಕೆ ತನ್ನ ಋಣವನ್ನು ತೀರಿಸಿದಂತಾಯಿತು. ಕಾಲಿಗೆ ಆದ ದಣಿವನ್ನು ಅಲ್ಲಿಯೇ ಬಿಟ್ಟು, ಕಿವಿಯಲ್ಲಿ ಉಳಿದ ಜೋಗಿಯ ಹಾಡನ್ನು ಹಿಡಿದು ಗ್ರಂಥವನ್ನು ತೆರೆಯುವವನಿಗೆ ಗುತ್ತಿಯೂ ಹುಲಿಯನೂ ಮತ್ತೊಮ್ಮೆ ಎದುರಾಗುವರು. ಆಗ ಅವರೊಡನೆ ನಡೆಯಲು ಅವನಿಗೆ ಅವಸರವಿರಲಾರದು.