ತೊಟ್ಟಿಲ ಕೂಸಿನ ಪುಸ್ತಕ: ಕನ್ನಡ ಶಿಶುಸಾಹಿತ್ಯಕ್ಕೆ ಒಂದು ಅಳತೆಗೋಲು

ಕನ್ನಡದಲ್ಲಿ ಮಕ್ಕಳ ಸಾಹಿತ್ಯವನ್ನು ಕುರಿತು ಬರೆದವರು ಸಾಮಾನ್ಯವಾಗಿ ಶಾಲೆಗೆ ಹೋಗುವ, ಅಕ್ಷರ ಬಲ್ಲ, ಕಥೆಯ ನೀತಿಯನ್ನು ಎರಡು ಮಾತಿನಲ್ಲಿ ಒಪ್ಪಿಸಬಲ್ಲ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಅದಕ್ಕೂ ಹಿಂದಿನ, ಹುಟ್ಟಿದಂದಿನಿಂದ ಮೂರು ವರ್ಷದವರೆಗಿನ ಕೂಸಿಗೆ ಪುಸ್ತಕವೆಂಬುದುಂಟೆ, ಉಂಟಾದರೆ ಅದರ ಗುಣದೋಷಗಳನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಗೆ ನಮ್ಮ ವಿಮರ್ಶೆಯಲ್ಲಿ ದೊರೆತಿರುವ ಎಡೆ ಅತ್ಯಲ್ಪ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಕನ್ನಡದ ಕೆಲವು ಪ್ರಸಿದ್ಧ ಶಿಶುಗೀತೆಗಳ ಆಧಾರದ ಮೇಲೆ ಪರಿಶೀಲಿಸುವುದು ನಮ್ಮ ಉದ್ದೇಶ.

ಬೆಂಗಳೂರಿನ ಹನುಮಂತನಗರವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ರಾಮಾಂಜನೇಯ ಗುಡ್ಡದ ಸುತ್ತ ಹಬ್ಬಿರುವ ಈ ಬಡಾವಣೆಗೆ ನೆರೆಯ ಗವಿಪುರದಲ್ಲಿ ಮಾಸ್ತಿಯವರು ಬಾಳಿದ ಮನೆಯಿದೆ. ಗಾಂಧಿಬಜಾರಿನಲ್ಲಿ ಕನ್ನಡ ಪುಸ್ತಕದ ಅಂಗಡಿಯಿದೆ. ೧೯೧೫ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತೂ, ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಕಟ್ಟಿದ ಮಕ್ಕಳ ಕೂಟವೂ ಚಾಮರಾಜಪೇಟೆಯಲ್ಲಿವೆ. ಕನ್ನಡದ ಗ್ರಂಥಕ್ಕೆ ಇಷ್ಟು ಸಮೀಪವಾದ ಪ್ರದೇಶ ನಾಡಿನಲ್ಲಿ ವಿರಳ. ಹೀಗಿದ್ದೂ ಇಲ್ಲಿನ ಅನೇಕ ಕನ್ನಡ ಮನೆಗಳಲ್ಲಿ ಕೂಸಿನ ಕೈಗೆ ಮೊದಲು ಬರುವ ರಟ್ಟಿನ ಪುಸ್ತಕ ಇಂಗ್ಲಿಷಿನದು. ಲಾಲಿ ಕನ್ನಡದಲ್ಲಿ, ಊಟದ ಮಾತು ಕನ್ನಡದಲ್ಲಿ, ಪುಸ್ತಕ ಮಾತ್ರ ಬೇರೆ ಭಾಷೆಯಲ್ಲಿ.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ೧೯೮೧ರ ಗೋಕಾಕ್ ವರದಿ, ೧೯೮೨ರ ಚಳವಳಿ, ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸಲಾಗದೆಂದ ೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವೆಲ್ಲವೂ ಶಾಲೆಯ ಬಾಗಿಲಲ್ಲಿ ನಡೆದ ವಾದಗಳು. ಆದರೆ ಯಾವ ಭಾಷೆ ಪುಸ್ತಕದ ಭಾಷೆ, ಯಾವುದು ಬರಿಯ ಮಾತಿನ ಭಾಷೆ ಎಂಬ ತಿಳಿವಳಿಕೆ ಮಗುವಿನಲ್ಲಿ ಬೇರೂರುವುದು ಅದಕ್ಕೂ ಮೊದಲೇ, ಅಮ್ಮನ ಅಥವಾ ಅಜ್ಜಿಯ ಮಡಿಲಿನಲ್ಲಿ. ತೊಟ್ಟಿಲಲ್ಲಿ ಕೈಬಿಟ್ಟದ್ದನ್ನು ಶಾಲೆಯಲ್ಲಿ ಹುಡುಕುವುದು ಕಷ್ಟ.

ಕೂಸಿಗೆ ಓದಿ ಹೇಳುವುದು ವ್ಯರ್ಥವೆಂಬ ಶಂಕೆಗೆ ಇಂದು ಆಧಾರವಿಲ್ಲ. ತಾಯಿ ಬಸುರಿನ ಕೊನೆಯ ವಾರಗಳಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ಓದಿದ ಪಾಠವನ್ನು ನವಜಾತ ಶಿಶು ಬೇರೊಂದು ಪಾಠಕ್ಕಿಂತ ಹೆಚ್ಚಾಗಿ ಬಯಸುವುದೆಂದು ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ೧೯೮೬ರಲ್ಲಿ ತೋರಿಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ೧೯೯೨ರಲ್ಲಿ ಕೂಸುಗಳ ಮನೆಗೆ ಉಚಿತವಾಗಿ ಪುಸ್ತಕ ನೀಡುವ ಯೋಜನೆ ಆರಂಭವಾಯಿತು. ಶೈಶವದಿಂದಲೇ ಗಟ್ಟಿಯಾಗಿ ಓದಿ ಹೇಳಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು ೨೦೧೪ರಲ್ಲಿ ಸಲಹೆಯಿತ್ತಿತು. ಈ ಸಂಗತಿಗಳಿಂದ ವಿಮರ್ಶಕನು ಗ್ರಹಿಸಬೇಕಾದದ್ದು ಒಂದು: ಇಲ್ಲಿ ಅರ್ಥಕ್ಕಿಂತ ಮೊದಲು ನಾದ ತಲುಪುತ್ತದೆ.

ಇನ್ನೊಂದು ವಿಶೇಷವೂ ಉಂಟು. ಈ ಪುಸ್ತಕಕ್ಕೆ ಓದುಗರು ಇಬ್ಬರು. ನಮ್ಮಲ್ಲಿ ಇದಕ್ಕೆ ಹತ್ತಿರದ ಸಂಪ್ರದಾಯವೆಂದರೆ ಗಮಕ. ಅಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ, ಸಭೆ ಆಲಿಸುತ್ತದೆ. ಕೂಸಿನ ಮುಂದೆ ಕುಳಿತ ತಾಯಿ ವಾಚಕಿಯೂ ಹೌದು, ವ್ಯಾಖ್ಯಾತೃವೂ ಹೌದು. ಪುಟದಲ್ಲಿ ಅಚ್ಚಾದ ಸಾಲಿಗಿಂತ ಆಕೆ ಚಿತ್ರವನ್ನು ತೋರಿಸಿ ಸೇರಿಸುವ ಮಾತೇ ಹೆಚ್ಚು. ಆದುದರಿಂದ ಒಳ್ಳೆಯ ಶಿಶುಪುಸ್ತಕವು ಆ ಮಾತಿಗೆ ಎಡೆಗೊಡಬೇಕು. ಎಲ್ಲವನ್ನೂ ತಾನೇ ಹೇಳಿ ಮುಗಿಸುವ ಪುಸ್ತಕ ಈ ವಯಸ್ಸಿಗೆ ಸಲ್ಲದು.

ಈ ದೃಷ್ಟಿಯಿಂದ ಪಂಜೆ ಮಂಗೇಶರಾಯರ (೧೮೭೪–೧೯೩೭) ನಾಗರಹಾವಿನ ಪದ್ಯವನ್ನು ನೋಡಬಹುದು. ಅದರ ಭಾಷೆ ಮನೆಮಾತಲ್ಲ. ಹಳಗನ್ನಡದ ಸಪ್ತಮೀ ಪ್ರತ್ಯಯವೂ ಆಡುನುಡಿಯಲ್ಲಿಲ್ಲದ ಕ್ರಿಯಾರೂಪಗಳೂ ಅದರಲ್ಲಿವೆ. ಸುಲಭ ಶಬ್ದಗಳೇ ಶಿಶುಸಾಹಿತ್ಯದ ಲಕ್ಷಣವೆಂದರೆ ಈ ಪದ್ಯ ಸೋಲಬೇಕಾಗಿತ್ತು. ಸೋಲಲಿಲ್ಲವೇಕೆ? ಪದ್ಯವು ಹಾವನ್ನು ಕುರಿತು ಮಾತನಾಡುವುದಿಲ್ಲ, ಹಾವಿನೊಡನೆಯೇ ಮಾತನಾಡುತ್ತದೆ. ಬರಹೇಳುವ ಒಂದಕ್ಷರದ ಕರೆಯೂ ಹೋಗಹೇಳುವ ಒಂದಕ್ಷರದ ಕರೆಯೂ ನಾಲ್ಕು ನಾಲ್ಕು ಬಾರಿ ಆವರ್ತಿಸುತ್ತವೆ. ಕರೆಯುವುದು, ಕಳುಹಿಸುವುದು, ಇವೆರಡೂ ಕೂಸು ಕೈಸನ್ನೆಯಿಂದ ಮೊದಲು ಕಲಿಯುವ ವ್ಯವಹಾರಗಳು. ಎರಡೂ ಕರೆಗಳು ತುಟಿಯಿಂದ ಹುಟ್ಟುವ ವ್ಯಂಜನಗಳಿಂದಲೇ ಆರಂಭವಾಗುತ್ತವೆ. ಉಳಿದ ಶಬ್ದಗಳು ತಿಳಿಯದೆ ಹೋದರೂ ಮಗುವಿಗೆ ಹಿಡಿಯಲು ಎರಡು ಹಿಡಿಕೆಗಳಿವೆ.

ಜಿ. ಪಿ. ರಾಜರತ್ನಂ ಅವರ 'ತುತ್ತೂರಿ' ಇನ್ನೊಂದು ಬಗೆಯ ನಿದರ್ಶನ. ತಗಡಿನ ತುತ್ತೂರಿ ಕೊಂಡ ಹುಡುಗ ಊದಿಕೊಂಡು ಮೆರೆಯುತ್ತಾನೆ. ಕೊಳದ ಬಳಿ ತುತ್ತೂರಿ ನೀರಿಗೆ ಜಾರುತ್ತದೆ. ನೀರು ಹೊಕ್ಕು ದನಿ ಕೆಡುತ್ತದೆ. ಜಂಬಪಡಬಾರದೆಂಬ ನೀತಿಯನ್ನು ಶಾಲೆಯ ಮಗು ಕಲಿಯಬಹುದು. ಒಂದು ವರ್ಷದ ಕೂಸಿಗೆ ಆ ನೀತಿ ಇಲ್ಲವೇ ಇಲ್ಲ. ಅದಕ್ಕೆ ಇರುವುದು ಏರುವ ಸ್ವರ ಒಂದು, ಕೆಟ್ಟ ದನಿ ಒಂದು. ಓದುವವರ ಮುಖದಲ್ಲಿ ಆಗುವ ಬದಲಾವಣೆ ಒಂದು. ನೀತಿಯನ್ನು ಕಳೆದ ಮೇಲೂ ಪದ್ಯ ನಿಲ್ಲುತ್ತದೆ. ನಾದವನ್ನು ಕಳೆದರೆ ನಿಲ್ಲದು. ಇದೇ ಪರೀಕ್ಷೆಯನ್ನು ನಮ್ಮ ಬಹುಪಾಲು ನೀತಿಪದ್ಯಗಳಿಗೆ ಒಡ್ಡಿದರೆ ಉಳಿಯುವುವು ಕೆಲವೇ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ರತ್ನನ ಪದಗಳಲ್ಲಿ ಕುಡುಕನ ಆಡುನುಡಿಯನ್ನು ಎಗ್ಗಿಲ್ಲದೆ ಅಚ್ಚಿಗೆ ತಂದ ಕವಿಯೇ ಶಿಶುಗೀತೆಯಲ್ಲಿ ಬಹುಮಟ್ಟಿಗೆ ಗ್ರಂಥರೂಪದ ಕ್ರಿಯಾಪದಗಳನ್ನು ಬಳಸಿದ್ದಾರೆ. ಆದರೂ ಅದು ಕೃತಕವೆನಿಸದು. ಪದ್ಯದಲ್ಲಿ ಲಯವು ಗ್ರಂಥರೂಪವನ್ನು ಕಾಯುತ್ತದೆ. ಓದುವವರು ಅದನ್ನು ಬದಲಿಸಲಾರರು, ಬದಲಿಸಬೇಕೆಂದು ಅವರಿಗೆ ತೋರುವುದೂ ಇಲ್ಲ. ಗದ್ಯದ ಸ್ಥಿತಿ ಬೇರೆ. 'ನಾಯಿ ಓಡುತ್ತದೆ' ಎಂದು ಅಚ್ಚಾಗಿರುವುದನ್ನು ತಾಯಿ 'ನಾಯಿ ಓಡ್ತಾ ಇದೆ ನೋಡು' ಎಂದೇ ಓದುತ್ತಾಳೆ. ಅಚ್ಚಿನ ವಾಕ್ಯ ಆಕೆಗೆ ಅಡ್ಡಿ, ಮಗುವಿಗೆ ಅಪರಿಚಿತ. ಆದುದರಿಂದ ನಮ್ಮ ಅಭಿಪ್ರಾಯ ಇದು: ಶಿಶುಪುಸ್ತಕದಲ್ಲಿ ಪದ್ಯವು ಗ್ರಂಥಭಾಷೆಯನ್ನು ಹೊರಬಲ್ಲದು, ಗದ್ಯವಾದರೋ ಮನೆಮಾತಿಗೆ ಹತ್ತಿರವಾಗಿರತಕ್ಕದ್ದು. ಅನುವಾದಿತ ಚಿತ್ರಪುಸ್ತಕಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೂಲದ ಪ್ರಾಸ ಹೋಗಿ, ಕನ್ನಡದ ಲಯ ಬಾರದೆ, ಗ್ರಂಥರೂಪದ ಗದ್ಯವೊಂದೇ ಉಳಿಯುತ್ತದೆ.

ಅಕ್ಷರಮಾಲೆಯ ಪುಸ್ತಕವನ್ನೇ ಮಗುವಿನ ಮೊದಲ ಪುಸ್ತಕವೆಂದು ಕೊಡುವ ರೂಢಿಯನ್ನೂ ಪರೀಕ್ಷಿಸಬೇಕಾಗಿದೆ. ನಮ್ಮ ವರ್ಗೀಯ ವ್ಯಂಜನಗಳ ಜೋಡಣೆ ಶಾಸ್ತ್ರೀಯವಾದುದು. ಕಂಠದಿಂದ ಹೊರಟು ತುಟಿಯಲ್ಲಿ ಮುಗಿಯುವುದು. ಕೂಸಿನ ನಾಲಿಗೆಯ ಕ್ರಮ ಇದಲ್ಲ. ತುಟಿಯ ವ್ಯಂಜನಗಳು ಮಗುವಿನ ಮಾತಿನಲ್ಲಿ ಮೊದಲು ನೆಲೆಗೊಳ್ಳುವುವೆಂದು ರೋಮನ್ ಯಾಕೊಬ್ಸನ್ ೧೯೪೧ರಲ್ಲಿ ವಾದಿಸಿದರು. ಅಮ್ಮ, ಅಪ್ಪ, ಮಮ್ಮು ಎಂಬ ನಮ್ಮ ಮಾತುಗಳೂ ಅದನ್ನೇ ಹೇಳುತ್ತವೆ. ವರ್ಣಮಾಲೆಯ ಕೊನೆಯ ವರ್ಗವೇ ಕೂಸಿನ ಮೊದಲ ವರ್ಗ. ಮೇಲಾಗಿ ಙ, ಞ, ಣ ಇವು ಕನ್ನಡದ ಬಳಕೆಯ ಮಾತುಗಳ ಮೊದಲಿಗೆ ಬಾರವು. ಣಕಾರಕ್ಕೆ ಬಾಣವನ್ನು ತೋರಿಸಬೇಕಾಗುತ್ತದೆ. ಈ ಪುಸ್ತಕ ಬರಹ ಕಲಿಸುವುದಕ್ಕೆ ಯೋಗ್ಯ, ಮಡಿಲಿನ ಓದಿಗಲ್ಲ.

ಹಾಗಾದರೆ ಮನೆಯ ಮೊದಲ ಕಪಾಟಿನಲ್ಲಿ ಏನಿರಬೇಕು? ಹತ್ತು ಹನ್ನೆರಡು ಪುಸ್ತಕ ಸಾಕು. ಈ ವಯಸ್ಸಿನಲ್ಲಿ ಸಂಖ್ಯೆಗಿಂತ ಪುನರಾವೃತ್ತಿಗೆ ಬೆಲೆ. ಮೊದಲ ತಿಂಗಳುಗಳಲ್ಲಿ ಕೂಸಿಗೆ ಸುಮಾರು ಒಂದು ಅಡಿಯ ದೂರ ಮಾತ್ರ ಚೆನ್ನಾಗಿ ಕಾಣುವುದರಿಂದ ಕಪ್ಪುಬಿಳುಪಿನ ದೊಡ್ಡ ಆಕಾರಗಳ ಪುಸ್ತಕ ಒಂದು. ಬಾಯಿಗಿಟ್ಟರೂ ಹರಿಯದ ರಟ್ಟಿನವು ಮೂರು ನಾಲ್ಕು, ಅವುಗಳಲ್ಲಿ ಲೋಟ, ಚಮಚ, ಕಾಗೆ, ಹಸು ಮೊದಲಾದ ಕಂಡ ವಸ್ತುಗಳೇ ಇರಲಿ. ಪಟಪಟ, ಗುಡುಗುಡು ಎಂಬ ಅನುಕರಣಾವ್ಯಯಗಳನ್ನೇ ಕಥೆಯ ಬೆನ್ನೆಲುಬಾಗಿಸಿದವು ಒಂದೆರಡು. ಪಂಜೆ, ರಾಜರತ್ನಂ, ದಿನಕರ ದೇಸಾಯಿ ಮೊದಲಾದವರ ಪದ್ಯಗಳು. ಮನೆಯ ಮಂದಿಯ ಭಾವಚಿತ್ರಗಳನ್ನು ಅಂಟಿಸಿ ಕೈಯಿಂದ ಮಾಡಿದ ಪುಸ್ತಕ ಒಂದು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮೇಲಿನ ಅರೆಯಲ್ಲಿ ಕಾಯಲಿ. ಅದರ ಕಾಲ ಬರುತ್ತದೆ. ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ನಡೆಯುತ್ತಿದ್ದರೆ ಆ ಭಾಷೆಯ ಪುಸ್ತಕವೂ ಅಲ್ಲಿರಬೇಕು, ಇಂಗ್ಲಿಷಿನದೂ ಇರಬಹುದು. ನಮ್ಮ ಆಕ್ಷೇಪ ಇಂಗ್ಲಿಷ್ ಇರುವುದಕ್ಕಲ್ಲ, ಕನ್ನಡ ಇಲ್ಲದಿರುವುದಕ್ಕೆ.

ಈ ಪಟ್ಟಿಯಲ್ಲಿ ರಟ್ಟಿನ ಪುಸ್ತಕಗಳನ್ನು ಕನ್ನಡದಲ್ಲಿ ಹುಡುಕುವುದೇ ಕಷ್ಟ. ಬೆಂಗಳೂರಿನಲ್ಲೇ ೨೦೦೪ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಮಕ್ಕಳ ಪುಸ್ತಕವನ್ನು ಅನೇಕ ಭಾರತೀಯ ಭಾಷೆಗಳಲ್ಲಿ ಅಗ್ಗವಾಗಿ ದೊರಕಿಸಿರುವುದು ದೊಡ್ಡ ಉಪಕಾರ. ಆದರೆ ತೆಳು ಕಾಗದದ ಪುಸ್ತಕ ಕೂಸಿನ ಕೈಯಲ್ಲಿ ಬಾಳದು, ಬೆಳಗುವ ತೆರೆಯ ಮೇಲಿನ ಪುಸ್ತಕ ಕಡಿದು ನೋಡುವುದಕ್ಕೆ ಒದಗದು. ದಪ್ಪ ರಟ್ಟಿಗೆ ವೆಚ್ಚ ಹೆಚ್ಚು, ಕೊಳ್ಳುವವರು ಕಡಿಮೆ. ಕೊಳ್ಳುವವರಿಲ್ಲದೆ ಬೆಲೆ ಇಳಿಯದು. ಈ ಸುತ್ತನ್ನು ಪ್ರಕಾಶಕರೊಬ್ಬರೇ ಮುರಿಯಲಾರರು. ೧೯೬೫ರ ಗ್ರಂಥಾಲಯ ಕಾಯಿದೆಯಂತೆ ನಾಗರಿಕರಿಂದ ಕರ ಪಡೆಯುವ ಸಾರ್ವಜನಿಕ ಗ್ರಂಥಾಲಯಗಳು ಕೂಸುಗಳ ಪುಸ್ತಕವನ್ನೂ ಸಗಟಾಗಿ ಕೊಂಡರೆ ಮಾರ್ಗ ಸುಗಮವಾದೀತು.

ವಿಶ್ವವಿದ್ಯಾನಿಲಯದ ವಿಭಾಗಗಳಿಗೂ ಇಲ್ಲಿ ಕೆಲಸವಿದೆ. ಜೋಗುಳದ ತ್ರಿಪದಿಗಳನ್ನು ನಾವು ಜಾನಪದವೆಂದು ಸಂಗ್ರಹಿಸಿ ಸಂಪುಟಗಳಲ್ಲಿ ಇಟ್ಟಿದ್ದೇವೆ. ಅವುಗಳನ್ನು ತೊಟ್ಟಿಲಿಗೆ ಹಿಂದಿರುಗಿಸುವ ಯತ್ನ ಸಾಲದಾಗಿದೆ. ಉಪನ್ಯಾಸಕರೂ ವಿದ್ಯಾರ್ಥಿಗಳೂ ತಮ್ಮ ಬೀದಿಗಳ ಅಜ್ಜಿಯರಿಂದ ಕೂಸಾಟದ ಮಾತುಗಳನ್ನು, ಅವುಗಳ ಕೈಸನ್ನೆಗಳ ಸಹಿತ, ಬರೆದುಕೊಳ್ಳಬೇಕು. ಚಿತ್ರಕಾರರೊಡನೆ ಕುಳಿತು ಎಂಟು ಹತ್ತು ಪುಟದ ಪುಸ್ತಕಗಳಾಗಿ ರೂಪಿಸಬೇಕು. ಅವುಗಳನ್ನು ಕೂಸುಗಳ ಮುಂದೆ ಓದಿ ನೋಡಿ ತಿದ್ದಬೇಕು. ಎರಡನೆಯ ಸಲ ಓದೆಂದು ಕೂಸು ಪುಸ್ತಕವನ್ನು ತಳ್ಳಿಕೊಡುವುದೋ ಇಲ್ಲವೋ ಎಂಬುದೇ ಈ ಸಾಹಿತ್ಯಪ್ರಕಾರದ ಮುಖ್ಯ ಪ್ರಮಾಣ.