ಬಿರುಕಿಗೆ ಬಿದ್ದ ಹನಿ

ಜನವರಿ ಚಳಿಯ ಮಿನ್ನೆಸೋಟದಲ್ಲಿ ಗೆಳೆಯನೊಬ್ಬ ಆಸೆ ತಡೆಯಲಾರದೆ, ಆಗಷ್ಟೇ ಬಂದ ಗಿಟಾರಿನ ಪೆಟ್ಟಿಗೆಯನ್ನು ಬೆಚ್ಚಗಿನ ಕೋಣೆಯಲ್ಲಿ ಬಿಚ್ಚಿಬಿಟ್ಟ. ಬೆರಳೆಣಿಕೆಯಷ್ಟೇ ತಯಾರಾದ ಮಾದರಿ ಅದು. ನೋಡುತ್ತಿದ್ದಂತೆ ಗಿಟಾರಿನ ಮೈಮೇಲೆ ಕೂದಲೆಳೆಯಂಥ ಗೆರೆಗಳು ಓಡಿದವು. ಚಳಿಯಿಂದ ಬಿಸಿಗೆ ತಟ್ಟನೆ ಬಂದಾಗ ಮರವೂ ಅದರ ಮೇಲಿನ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಲೇಪವೂ ಒಂದೇ ಲೆಕ್ಕದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ.

ರಿಪೇರಿಯಾತನ ಕೈಚಳಕ ಕಂಡದ್ದು ಆಮೇಲೆ. ಮೊದಲು ದೀಪವನ್ನು ಓರೆಯಾಗಿ ಹಿಡಿದ, ಗೆರೆಯ ಮೇಲೆ ಉಗುರು ಎಳೆದ. ಸೀಳಿದ್ದು ಮರವೋ ಬರೀ ಲ್ಯಾಕರೋ ಎಂದು ಬೆರಳಿಗೇ ತಿಳಿಯಿತು. ತೆಳುಮಾಡಿದ ಲ್ಯಾಕರನ್ನು ಸಣ್ಣ ಕುಂಚದ ತುದಿಯಿಂದ ಹನಿಸಿದಾಗ ಗೆರೆ ತಾನೇ ಅದನ್ನು ಹೀರಿಕೊಂಡಿತು. ಕೋಣೆಯೆಲ್ಲ ಉಗುರುಬಣ್ಣದ ವಾಸನೆ (ಅದೂ ಇದೇ ಕುಲದ್ದು ತಾನೆ!). ಹೊಸ ಹನಿ ಹಳೆಯ ಪದರವನ್ನು ಕೊಂಚ ಕರಗಿಸಿ ಅದರಲ್ಲೇ ಬೆರೆತುಹೋಗುತ್ತದೆ; ಗಿಟಾರಿಗೆ ಬಳಿಯುವ ಇನ್ನೊಂದು ಲೇಪ ಪಾಲಿಯುರೆಥೇನಿಗೆ ಈ ಗುಣವಿಲ್ಲ.

ಹನಿ ಒಣಗುತ್ತ ಕುಗ್ಗುವುದರಿಂದ ಮತ್ತೆ ಹನಿ, ಮತ್ತೆ ದಿನಗಟ್ಟಲೆ ಕಾಯುವುದು. ಕೊನೆಗೆ ಬ್ಲೇಡಿನ ಎರಡೂ ತುದಿಗೆ ಟೇಪು ಸುತ್ತಿ, ನಡುವಿನ ಅಲಗಷ್ಟನ್ನೇ ಬಿಟ್ಟು ಉಬ್ಬನ್ನು ಹೆರೆದ. ಅಕ್ಕಪಕ್ಕದ ಹೊಳಪಿಗೆ ಒಂದು ಗೀರೂ ಇಲ್ಲ. ನೀರು ಹಚ್ಚಿದ 2000 ನಂಬರಿನ ಉಜ್ಜುಕಾಗದ, ಬಳಿಕ ಪಾಲಿಶ್.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಅವನು ಮುಟ್ಟದೆ ಬಿಟ್ಟ ಗೆರೆಗಳು. ಉದ್ದದ ಎರಡನ್ನು ತುಂಬಿದ, ಜೇಡನೆಳೆಯಂಥವನ್ನು ಹಾಗೇ ಉಳಿಸಿದ. ಇಂಥ ಗೆರೆಗಳನ್ನೇ ಬೇಕೆಂದು ಮೂಡಿಸಿದ ಗಿಟಾರ್‌ಗಳಿಗೆ ಜನ ಹೆಚ್ಚು ಹಣ ಕೊಡುತ್ತಾರೆ ಎಂದು ನಕ್ಕ. ಗೆಳೆಯ ನಗಲಿಲ್ಲ.